ಎರಡು ನೀರಿನ ಚಹಾ

ಯಜ್ದ್ ಊರಿನ ನಮ್ಮ ಕೇರಿಯಲ್ಲಿ ಬೀಬಿ ಬೆಮಾನಿ ಹೊಟ್ಟೆಪಾಡಿಗೆ ಮಾಡುತ್ತಿದ್ದದ್ದು ರಜಾಯಿ ಹೊಲಿಯುವ ಕೆಲಸ. ಜನ ಅವಳನ್ನು ಹುಡುಕಿಕೊಂಡು ಬರುತ್ತಿದ್ದದ್ದು ಮಾತ್ರ ಮೀನಿಗಾಗಿ.

ಇಲ್ಲಿ ಪ್ರತಿ ಅಂಗಳದ ನಡುವೆಯೂ ಒಂದು ಹೌಜು, ಅಂದರೆ ಕಲ್ಲು ಕಟ್ಟಿದ ನೀರಿನ ತೊಟ್ಟಿ. ಅದರಲ್ಲಿ ಕೆಂಪು ಮೀನು. ಹೊಸ ವರ್ಷದ ನೌರೂಜ್ ಹತ್ತಿರ ಬಂತೆಂದರೆ ಹೆಂಗಸರು ಮನೆಯನ್ನೇ ಬುಡಮೇಲು ಮಾಡಿ ತೊಳೆಯುತ್ತಾರೆ, ಹೌಜಿಗೂ ಬಿಡುಗಡೆಯಿಲ್ಲ. ಮೀನನ್ನು ತೆಗೆದು ಬೋಗುಣಿಗೆ ಹಾಕಿ, ಹೌಜು ಉಜ್ಜಿ, ಹೊಸ ನೀರು ತುಂಬಿ, ಮೀನನ್ನು ಮತ್ತೆ ಬಿಡುತ್ತಾರೆ. ಹಬ್ಬದ ಬೆಳಿಗ್ಗೆ ನೋಡಿದರೆ ಎಷ್ಟೋ ಮನೆಗಳಲ್ಲಿ ಮೀನು ಹೊಟ್ಟೆ ಮೇಲೆ ಮಾಡಿ ತೇಲುತ್ತಿರುತ್ತದೆ. ಬೆಮಾನಿ ಕಾಲಿಟ್ಟ ಮನೆಯಲ್ಲಿ ಹಾಗಾದದ್ದಿಲ್ಲ.

ಅವಳ ಹತ್ತಿರ ಇದ್ದ ಸಾಮಾನು ಸೊಂಟ ಸಣ್ಣಗಿರುವ ಎರಡು ಗಾಜಿನ ಚಹಾ ಲೋಟ, ಅಷ್ಟೇ. ಮೀನು ಇರುವ ನೀರು ಒಂದಿಷ್ಟು, ಅದು ಹೋಗಬೇಕಾದ ನೀರು ಒಂದಿಷ್ಟು ಬೇರೆಬೇರೆ ಕುದಿಸಿ, ಎರಡಕ್ಕೂ ಒಂದೇ ಅಳತೆಯ ಚಹಾ ಸೊಪ್ಪು ಹಾಕುತ್ತಿದ್ದಳು. ಮದುವೆಯಾಗಿ ಬಂದ ಹೊಸದರಲ್ಲಿ, ನೆಲದಡಿಯ ಕಾಲುವೆಯ ನೀರಲ್ಲಿ ಚಹಾ ಕಪ್ಪಗೆ ಮಂಕಾಗಿ ಇಳಿಯುತ್ತದೆ, ನಲ್ಲಿ ನೀರಲ್ಲಿ ಕೆಂಪಗೆ ಹೊಳೆಯುತ್ತದೆ ಎಂದು ಕಂಡುಕೊಂಡಿದ್ದಳು. ನಾಲಿಗೆಗೆ ಗೊತ್ತಾಗುವ ವ್ಯತ್ಯಾಸ ಮೀನಿನ ಮೈಗೆ ಗೊತ್ತಾಗದೆ ಇರುತ್ತದೆಯೇ? ಯಾರೂ ಹೇಳಿಕೊಟ್ಟದ್ದಲ್ಲ, ತಾನೇ ಯೋಚಿಸಿ ಹಿಡಿದದ್ದು. ನೀರಿಗೆ ನೀರು ಬೆರೆಸುತ್ತ ಹೋಗಿ, ಎರಡು ಲೋಟ ಬಿಸಿಲಿಗೆ ಹಿಡಿದಾಗ ಬಣ್ಣ ಒಂದಾಗುವ ತನಕ ಅವಳು ಮೀನು ಮುಟ್ಟುತ್ತಿರಲಿಲ್ಲ.

ಇಡೀ ಕೇರಿಯಲ್ಲಿ ಅವಳು ಮೆಟ್ಟದ ಹೊಸ್ತಿಲು ಒಂದೇ, ಪಕ್ಕದ ಮನೆಯ ಗೊಹರ್‌ತಾಜಳದು. ಯಾವುದೋ ಕಾಲದಲ್ಲಿ ಬೆಮಾನಿ ಮಾಳಿಗೆಯ ಮೇಲೆ ಹತ್ತಿ ಎಕ್ಕುತ್ತಿದ್ದಾಗ ಗಾಳಿ ಎದ್ದು, ಅದರ ನಾರೆಲ್ಲ ಹಾರಿ, ಗೊಹರ್‌ತಾಜ್ ಹಬ್ಬಕ್ಕೆಂದು ಕಾಯಿಸುತ್ತಿದ್ದ ಗೋಧಿ ಮೊಳಕೆಯ ಪಾಯಸದ ಕೊಪ್ಪರಿಗೆಗೆ ಬಿದ್ದಿತ್ತು. ಅಂದು ನಿಂತ ಮಾತು ಮತ್ತೆ ಶುರುವಾಗಿರಲಿಲ್ಲ.

ಆ ವರ್ಷ ಗೊಹರ್‌ತಾಜ್ ಯಾತ್ರೆಗೆಂದು ಮಶ್ಹದ್‌ಗೆ ಹೋಗಿದ್ದಳು, ಮಗನೂ ಜೊತೆಗಿದ್ದ. ಮನೆಯಲ್ಲಿದ್ದವಳು ಹೊಸ ಸೊಸೆ ತಹ್ಮೀನೆ. ಒಂದು ಮಧ್ಯಾಹ್ನ ಗೋಡೆಯಾಚೆಯಿಂದ ಅವಳ ಸಣ್ಣ ದನಿ ಕೇಳಿತು.

"ಬೀಬಿ ಬೆಮಾನೀ, ಒಳಗಿದ್ದೀರಾ?"

"ಇಲ್ಲ, ಮೆಕ್ಕಾಗೆ ಹೋಗಿದ್ದೀನಿ. ಏನಾಯ್ತು ಹೇಳು."

"ಅತ್ತೆ ನಾಳೆ ಮಧ್ಯಾಹ್ನ ಬರ್ತಾರೆ. ಹೌಜು ತೊಳೆದು ನಲ್ಲಿ ನೀರು ತುಂಬಿಸ್ದೆ. ಒಂದು ಮೀನು ಬಿಟ್ಟೆ, ಬಿಟ್ಟ ತಕ್ಷಣ ಅಡ್ಡ ಬಿತ್ತು. ಎತ್ತಿ ಬೋಗುಣಿಗೆ ಹಾಕಿದ್ದೀನಿ. ಅತ್ತೆಗೆ ಆ ಮೀನು ಅಂದ್ರೆ ಜೀವ. ನನಗಿಂತ ಮೊದಲು ಮಾತಾಡಿಸೋದು ಅದನ್ನ."

ಮನೆಗೆ ಬಂದ ಮೊದಲ ಹಬ್ಬಕ್ಕೇ ಅತ್ತೆಯ ಮುದ್ದಿನ ಮೀನು ಕೊಂದವಳು ಎಂಬ ಹೆಸರು ಹೊತ್ತರೆ ಅದು ಇಳಿಯುವುದು ಯಾವಾಗ? ಬೆಮಾನಿ ಹಳೆಯ ಜಗಳವನ್ನು ಬಾಗಿಲಲ್ಲೇ ಬಿಟ್ಟು, ಲೋಟ ಮಡಿಲಿಗೆ ಹಾಕಿಕೊಂಡು ನಡೆದಳು.

ಹೌಜು ಕನ್ನಡಿಯಂತಿತ್ತು. ಬೋಗುಣಿಯಲ್ಲಿ ಮೀನುಗಳು ಬಾಯಿ ಮೇಲೆತ್ತಿ ಏದುತ್ತಿದ್ದವು. ಚಹಾ ಮಾಡಿ ನೋಡಿದರೆ ಒಂದು ಲೋಟ ಮಸಿಗಪ್ಪು, ಇನ್ನೊಂದು ದಾಳಿಂಬೆ ರಸ.

"ಹಳೇ ನೀರು ಏನ್ಮಾಡ್ದೆ?"

"ದಾಳಿಂಬೆ ಗಿಡಕ್ಕೆ ಬಿಟ್ಟೆ."

"ಎಲ್ಲಾನೂ?"

"ಹಸಿರಾಗಿತ್ತಲ್ಲ ಬೀಬಿ. ನೋಡೋಕೇ ಅಸಹ್ಯ."

"ನಿನ್ನ ಅಸಹ್ಯದಲ್ಲೇ ಅವು ಮೊಮ್ಮಕ್ಕಳನ್ನೂ ಕಂಡಿವೆ, ಮಗಳೇ. ಮುದುಕಿನ ಎತ್ತಿ ಹಿಮದಲ್ಲಿ ಕೂರಿಸಿದ ಹಾಗಾಯ್ತು. ಜೊತೆಗೆ ನಲ್ಲಿ ನೀರಿನ ಔಷಧಿ ಬೇರೆ, ಕಿವಿರಿಗೆ ಖಾರ ಎರಚಿದ ಹಾಗೆ."

ಬೆಮಾನಿ ಗೋಡೆಯಾಚೆ ತನ್ನ ಮನೆಯ ಕಡೆ ನೋಡಿದಳು. ಅದೇ ನೆಲದಡಿಯ ಕಾಲುವೆಯಿಂದ ತುಂಬಿ, ಅದೇ ಬಿಸಿಲಲ್ಲಿ ಹಣ್ಣಾದ ನೀರು ಇನ್ನೊಂದು ಕಡೆ ಇತ್ತು, ಅವಳದೇ ಅಂಗಳದ ಹೌಜಿನಲ್ಲಿ. ಅದನ್ನು ಕೊಟ್ಟರೆ ಹಬ್ಬದ ದಿನ ಬರುವ ನೆಂಟರ ಕಣ್ಣಿಗೆ ತನ್ನ ಹೌಜು ಬರಿದಾಗಿ, ಪಾಚಿಯ ಗೆರೆ ತೋರಿಸಿಕೊಂಡು ನಿಂತಿರುತ್ತದೆ. ಅವಸರಕ್ಕೆ ನಲ್ಲಿ ನೀರು ತುಂಬಿದರೆ ತನ್ನ ಮೀನಿಗೂ ಇದೇ ಗತಿ.

"ಬಕೆಟ್ ತಗೋ," ಎಂದಳು. "ಮೊದಲು ನಿಮ್ಮ ಹೌಜಲ್ಲಿ ಅರ್ಧ ನೀರು ಹೊರಗೆ ಹಾಕು. ಉಳಿದದ್ದನ್ನ ಚೊಂಬಲ್ಲಿ ಎತ್ತೆತ್ತಿ ಹುಯ್ಯಿ, ಔಷಧಿ ಗಾಳೀಗೆ ಹೋಗ್ಲಿ."

ಸೊಸೆ ಹುಯ್ದಳು, ಮುದುಕಿ ತನ್ನ ಮೀನನ್ನು ಒಂದು ಬೋಗುಣಿಗೆ ತೆಗೆದಿಟ್ಟು ತನ್ನ ಹೌಜಿನ ನೀರನ್ನು ಹೊತ್ತಳು. ಮತ್ತೆ ಇಬ್ಬರೂ ಹೊತ್ತರು. ಸಂಜೆಯ ಹೊತ್ತಿಗೆ ನೀರಿನ ಮೂಗಿಗೆ ಹೊಡೆಯುವ ವಾಸನೆ ಸತ್ತಿತ್ತು. ಬೆಮಾನಿ ಆ ಬೆರೆತ ನೀರನ್ನು ಒಂದು ಮಡಕೆಗೆ ತುಂಬಿ ಎತ್ತರದ ಮಣೆಯ ಮೇಲಿಟ್ಟು, ರಜಾಯಿಯ ಹತ್ತಿಯಿಂದ ಬತ್ತಿ ಹೊಸೆದು, ಒಂದು ತುದಿ ಮಡಕೆಯೊಳಗೆ, ಇನ್ನೊಂದು ತುದಿ ಬೋಗುಣಿಯ ಮೇಲೆ ಇಳಿಬಿಟ್ಟಳು. ತೊಟ್ಟು ತೊಟ್ಟಾಗಿ ಹೊಸ ನೀರು ಹಳೆಯದರೊಳಗೆ ಇಳಿಯತೊಡಗಿತು.

"ಚೊಂಬಲ್ಲಿ ಹಾಕಿದ್ರೆ ಬೇಗ ಆಗಲ್ವಾ ಬೀಬಿ?"

"ನಿನ್ನನ್ನ ಒಂದೇ ದಿನಕ್ಕೆ ಈ ಮನೆಗೆ ತಂದು ಹಾಕಿದ್ರಲ್ಲ, ಹೇಗಿತ್ತು?"

ತಹ್ಮೀನೆ ತಲೆ ತಗ್ಗಿಸಿ ನಕ್ಕಳು. ಬೆಳಿಗ್ಗೆ ಲೋಟಗಳು ಅಕ್ಕತಂಗಿಯರಂತೆ ಕಂಡವು. ಬೆಮಾನಿ ಬೋಗುಣಿಯನ್ನೇ ಹೌಜಿಗೆ ಮುಳುಗಿಸಿ ಹಿಡಿದಳು. ಮೀನುಗಳು ತಾವಾಗಿಯೇ ಈಜಿ ಹೊರಟವು. ಅಡ್ಡ ಬಿದ್ದಿದ್ದ ದೊಡ್ಡದು ಕೊನೆಯಲ್ಲಿ ಹೊರಟು, ತಳ ಮುಟ್ಟಿ, ತಿರುಗಿ ಮೇಲೆ ಬಂತು. "ನಾನು ಬಂದಿದ್ದೆ ಅಂತ ಹೇಳ್ಬೇಡ," ಎಂದು ಹೇಳಿ ಅವಳು ಮನೆಗೆ ಹೋದಳು.

ನೌರೂಜ್ ದಿನ ನೆಂಟರೆಲ್ಲ ಬಂದು ಹೋದ ಮೇಲೆ ಬಾಗಿಲು ಬಡಿದ ಸದ್ದಾಯಿತು. ಕೈಯಲ್ಲಿ ತಟ್ಟೆ ಹಿಡಿದು ಗೊಹರ್‌ತಾಜ್ ನಿಂತಿದ್ದಳು. ತಟ್ಟೆಯಲ್ಲಿ ಬಾದಾಮಿ ಕಡುಬು, ಪಕ್ಕದಲ್ಲಿ ಒಂದು ಲೋಟ ಚಹಾ.

"ನನ್ನ ಸೊಸೆ ಬಾಯಿ ಬಿಡಲಿಲ್ಲ, ಗಟ್ಟಿ ಹುಡುಗಿ," ಎಂದಳು. "ಆದ್ರೆ ಹೌಜಲ್ಲಿ ಹತ್ತಿ ನಾರು ತೇಲ್ತಿತ್ತು. ನಮ್ಮ ಕೇರೀಲಿ ನನ್ನ ಪಾತ್ರೆಗೆಲ್ಲ ಹತ್ತಿ ಉದುರಿಸೋಳು ಇನ್ಯಾರಿದಾರೆ?"

"ಈ ಸಲ ಪಾಯಸ ಕೆಡಲಿಲ್ಲವಲ್ಲ," ಎಂದಳು ಬೆಮಾನಿ.

ಗೊಹರ್‌ತಾಜ್ ಒಳಗೆ ಬಂದು, ಬರಿದಾದ ಹೌಜನ್ನೂ ಅದರ ಗೋಡೆಯ ಪಾಚಿಯ ಗೆರೆಯನ್ನೂ ಬಹಳ ಹೊತ್ತು ನೋಡಿದಳು.

"ಹಬ್ಬದ ದಿನ ಹೀಗೆ ಬಿಟ್ಕೊಂಡು ಕೂತಿದ್ಯಲ್ಲ. ಬಂದವರು ಏನಂದ್ರು?"

"ಮುದುಕಿಗೆ ಕೈಲಾಗಲ್ಲ ಅಂದ್ರು."

"ಇದು ನನ್ನ ಹೌಜಿನ ನೀರಿನ ಚಹಾ. ನಿನ್ನದೂ ಮಾಡು, ನೋಡೋಣ. ಬಣ್ಣ ಸರಿಹೋದ್ರೆ ನಾನೇ ಹೊತ್ತು ತುಂಬಿಸ್ತೀನಿ."

ಬೆಮಾನಿ ತನ್ನ ಮೀನಿನ ಬೋಗುಣಿಯ ನೀರು ಕುದಿಸಿ, ಚಹಾ ಇಳಿಸಿ, ಎರಡೂ ಲೋಟಗಳನ್ನು ಬಿಸಿಲಿಗೆ ಎತ್ತಿ ಹಿಡಿದಳು. ಗೊಹರ್‌ತಾಜಳೂ ಪಕ್ಕದಲ್ಲಿ ತಲೆ ಚಾಚಿ ನೋಡಿದಳು.

"ನಿನ್ನದು ಇನ್ನೂ ಒಂಚೂರು ತೆಳು. ಹಬ್ಬ ಮುಗೀಲಿ, ತಡಿ," ಎಂದಳು ಬೆಮಾನಿ.

"ತಡೀತೀನಿ." ಗೊಹರ್‌ತಾಜ್ ಹೌಜಿನ ಕಟ್ಟೆಯ ಮೇಲೆ ಕೂತು ಚಾದರ ಸರಿಮಾಡಿಕೊಂಡಳು. "ಕುಡಿಯೋ ಚಹಾ ಆದ್ರೂ ಕೊಡ್ತೀಯಾ, ಇಲ್ಲ ಅದಕ್ಕೂ ತೊಟ್ಟು ತೊಟ್ಟಾಗಿ ಕಾಯ್ಬೇಕಾ?"