ಸಿನಿಮಾದಲ್ಲಿ ಜಟ್ಟೆಮ್ಮ ತೊಳೆದ ಅಂಗಿ

ಗಂಡ ತೀರಿಕೊಂಡ ಮೇಲೆ ಜಟ್ಟೆಮ್ಮ ಮಗ ದತ್ತುವನ್ನು ಕರೆದುಕೊಂಡು ಯಾದಗಿರಿ ಕಡೆಯಿಂದ ಹಲಸೂರಿಗೆ ಬಂದಳು. ಬಾಡಿಗೆ ಕೋಣೆ ಹಿಡಿದು ಗಾರೆ ಕೆಲಸಕ್ಕೆ ನಿಂತಳು. ಎರಡು ಸಾವಿರದ ಮೂರರ ಸುಮಾರಿಗೆ, ಇಂದಿರಾನಗರದ ಕಟ್ಟಡವೊಂದರಲ್ಲಿ ಮರಳು ಹೊರುತ್ತಿದ್ದ ಅವಳ ಮುಖ ಶಿವಶರಣ ಎಂಬ ನಿರ್ದೇಶಕನ ಕಣ್ಣಿಗೆ ಬಿತ್ತು. ಅವನ ಸಿನಿಮಾಕ್ಕೆ ಒಬ್ಬ ತಾಯಿ ಬೇಕಾಗಿದ್ದಳು. ಕತೆ ಏನೆಂದು ಅವನು ಹೇಳಲಿಲ್ಲ, ಇವಳೂ ಕೇಳಲಿಲ್ಲ. ಮಗನ ವೇಷದವನಿಗೆ ಊಟ ಬಡಿಸಬೇಕು, ಅವನು ಬಿಚ್ಚಿಟ್ಟ ಅಂಗಿ ಒಗೆಯಬೇಕು, ಅಷ್ಟೇ. ಅಂಗಿಯ ಮೇಲಿನ ಕೆಂಪನ್ನು ಎಲೆಯಡಿಕೆ ಕಲೆಯೆಂದುಕೊಂಡು ಅವಳು ತಿಕ್ಕಿ ತಿಕ್ಕಿ ಒಗೆದಳು.

ಸಿನಿಮಾ ಶಿವಾಜಿನಗರಕ್ಕೆ ಬಂದಾಗ ಪಕ್ಕದ ಮನೆಯ ತಾಹೇರಾಳ ಜೊತೆ ನೋಡಲು ಹೋದಳು. ಪರದೆಯ ಮೇಲೆ ಅದೇ ಮಗ ಸಣ್ಣ ಊರಿನ ಹೆಂಗಸರನ್ನು ಒಬ್ಬೊಬ್ಬರಾಗಿ ಕೊಲ್ಲುತ್ತಿದ್ದ. ಪ್ರತಿ ಕೊಲೆಯ ಬೆನ್ನಿಗೆ ಜಟ್ಟೆಮ್ಮ ತಲೆ ತಗ್ಗಿಸಿ ಅಂಗಿ ಒಗೆಯುತ್ತಿದ್ದಳು. ಹಿಂದಿನ ಸಾಲಿನಲ್ಲಿ ಯಾರೋ, “ಎಲ್ಲಾ ಗೊತ್ತಿದ್ದೂ ಮುಚ್ಚಾಕ್ತಾವ್ಳೆ ಗುರು,” ಎಂದ.

ಮರುದಿನ ಅವಳು ಕೆಲಸಕ್ಕೆ ಹೋಗದೆ ಫ್ರೇಜರ್ ಟೌನಿನ ಶಿವಶರಣನ ಮನೆಗೆ ಹೋಗಿ, ಕತೆ ಮೊದಲೇ ಯಾಕೆ ಹೇಳಲಿಲ್ಲವೆಂದು ಅವನನ್ನು ಕೇಳಿದಳು.

“ಹೇಳಿದ್ರೆ ನಿಮ್ಮ ಕೈ ನಡುಗ್ತಿತ್ತಮ್ಮ,” ಎಂದ ಅವನು.

ನಡುಗುತ್ತಿತ್ತೇ? ತನ್ನ ದತ್ತುವೇ ಆಗಿದ್ದರೆ? ಗಾರೆ ಬಾಂಡ್ಲಿ ಹೊರುವಾಗಲೂ ಅದೇ ಯೋಚನೆ. ದತ್ತು ಸಾಮಾನು ಸಾಗಿಸುವ ಆಟೋ ಓಡಿಸುತ್ತಿದ್ದ. ಒಂದು ಸಂಜೆ ಅವನ ಅಂಗಿಯ ತೋಳಿನಲ್ಲಿ ರಕ್ತ ಕಂಡಿತು. ರಸೆಲ್ ಮಾರ್ಕೆಟ್ಟಿನ ಮಾಂಸದಂಗಡಿಗೆ ಮಾಲು ಇಳಿಸಿದೆನೆಂದ. ಅವಳು ಹೂಂಗುಟ್ಟಿದಳು. ಬೆಳಿಗ್ಗೆ ಮಾತ್ರ ಕಾಲು ತಾನಾಗಿ ಆ ಅಂಗಡಿಗೇ ಹೋಯಿತು. ಅಂಗಡಿಯವನು ಹೌದೆಂದ, ಆಮೇಲೆ ನಗುತ್ತಾ ದತ್ತುವಿನ ಕಿವಿಗೂ ಹಾಕಿದ.

ದತ್ತು ಮನೆಗೆ ಬಂದವನು ಚಪ್ಪಲಿಯನ್ನೂ ಬಿಡಲಿಲ್ಲ. “ನನ್ನ ಮ್ಯಾಲ ಅನುಮಾನ ಏನವ್ವ?”

“ನಿನ್ನ ಮ್ಯಾಲ ಅಲ್ಲಪ್ಪ, ನನ್ನ ಮ್ಯಾಲ. ಖರೇನೇ ಆಗಿದ್ರೂ ನಾ ತೊಳೀತಿದ್ದೆ ಅನಸ್ತದ.”

ದತ್ತು ಹೊರಗೆ ಹೋಗಿ ಆಟೋದಲ್ಲಿ ಕೂತ. ತಾಯಿ-ಮಗನ ನಡುವೆ ಮಾತು ಮೊದಲಿನಂತಾಗಲು ಬಹಳ ದಿನ ಹಿಡಿಯಿತು.

ಶಿವಶರಣ ಇನ್ನೊಂದು ಸಿನಿಮಾಕ್ಕೆ ಹೇಳಿಕಳಿಸಿದಾಗ ಅವಳು ಒಲ್ಲೆನೆಂದಳು. ದತ್ತು ಮದುವೆಯಾದ ಮೇಲೆ ಎಲ್ಲರೂ ಕೆ.ಆರ್. ಪುರಕ್ಕೆ ಹೋದರು. ಟಿವಿಯಲ್ಲಿ ಆ ಸಿನಿಮಾ ಬಂದರೆ ಸೊಸೆ ಸೌಂದರ್ಯಾ ಹೆಮ್ಮೆಯಿಂದ ಅಕ್ಕಪಕ್ಕದವರನ್ನು ಕರೆಯುತ್ತಾಳೆ. ಜಟ್ಟೆಮ್ಮ ಕೈಚೀಲ ಎತ್ತಿಕೊಂಡು, ಮನೆಯಲ್ಲಿ ತರಕಾರಿ ಇದ್ದರೂ, ಸಂತೆಯ ಕಡೆ ನಡೆದುಬಿಡುತ್ತಾಳೆ.