ಅಸಿವೋ, ಆಸೆಯೋ?

ಚಿಕ್ಕತಾಯಮ್ಮನ ಅಂಗಡಿಯಲ್ಲಿ ಏನು ಬೇಕು ಎಂದು ಕೇಳುವ ಪದ್ಧತಿ ಇರಲಿಲ್ಲ. ಕಾವಲಿಯ ಹಿಂದೆ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ನಿಂತ ಆ ದಪ್ಪ ಹೆಂಗಸು, ಬಂದವರ ಮುಖವನ್ನು ಒಮ್ಮೆ ನೋಡಿ, “ಅಸಿವೋ, ಆಸೆಯೋ?” ಎನ್ನುತ್ತಿದ್ದಳು. ಹಸಿವು ಎಂದವರಿಗೆ ಇಡ್ಲಿ. ಆಸೆ ಎಂದವರಿಗೆ ಬೆಣ್ಣೆ ಹಾಕಿದ ದೋಸೆ. ಎರಡನ್ನೂ ಒಂದೇ ಮರ್ಯಾದೆಯಿಂದ ಮುಂದಿಡುತ್ತಿದ್ದಳು.

ಆಕೆಯದು ತಿ. ನರಸೀಪುರದ ಕಡೆಯ ಮಾತು. ಹಕಾರ ನಾಲಿಗೆಯ ಮೇಲೆ ನಿಲ್ಲುತ್ತಿರಲಿಲ್ಲ. ಹೊಸಬರಿಗೆ ಆ ಎರಡು ಮಾತೂ ಒಂದೇ ಎಂಬಂತೆ ಕೇಳಿಸುತ್ತಿದ್ದವು. ಒಬ್ಬ ಮೇಷ್ಟ್ರು ನಗುತ್ತಾ, “ಎರಡೂ ಒಂದೇ ಅಲ್ವೇನಮ್ಮ?” ಎಂದರು.

“ಒಂದೇ ಅನ್ಕಂಡೇ ಅಲ್ವಾ ಸಾ, ಒಟ್ಟೆ ಮೇಲೆ ನಿಮ್ ಅಂಗಿ ಗುಂಡಿ ಕಿತ್ತೋಗಿರೋದು?”

ಮೇಷ್ಟ್ರು ಇಡ್ಲಿ ತಿಂದು ಹೋದರು.

ಆಕೆಯ ಮೈಯ ಬಗ್ಗೆ ಯಾರಾದರೂ ಮಾತೆತ್ತಿದರೆ ಸೊಪ್ಪು ಹಾಕುತ್ತಿರಲಿಲ್ಲ. “ನಾನು ದಪ್ಪ ಇದೀನಿ, ಕಣ್ಗೆ ಕಾಣೋ ಅಂಗೇ ಇದೀನಿ. ತೆಳ್ಳಗಿದೀನಿ ಅಂತ ಯಾರ್ಗಾದ್ರೂ ಸುಳ್ಳೇಳಿದ್ದೀನಾ?” ಎಂದು ಸೌಟಿನಿಂದ ಕಾವಲಿಗೆ ಒಂದು ಬಡಿಯುವಳು. ಬೆಂಚಿನ ಮೇಲಿದ್ದವರು ತಟ್ಟೆಯ ಕಡೆ ಬಗ್ಗುವರು. ಸುಳ್ಳು ಎಂದರೆ ಆಕೆಗೆ ಅಷ್ಟು ಆಗದು.

ಆ ಅಂಗಡಿಯಲ್ಲಿ ಎರಡು ಪಂಗಡಕ್ಕೂ ಸೇರದ ಗಿರಾಕಿ ನಾನು. ನನ್ನ ಉತ್ತರ ಬೇರೆ ಇತ್ತು: “ಒಪ್ಪತ್ತು ಕಣಮ್ಮ.”

ನಮ್ಮ ನಂಜನಗೂಡಿನಲ್ಲಿ ಸೋಮವಾರ ಒಪ್ಪತ್ತು ಮಾಡುವವರು ಬಹಳ. ಅದು ನಂಜುಂಡೇಶ್ವರನ ವಾರ. ಮಧ್ಯಾಹ್ನ ಒಂದು ಹೊತ್ತು ಅನ್ನ, ರಾತ್ರಿ ಅನ್ನ ಮುಟ್ಟುವಂತಿಲ್ಲ. ಏನಾದರೂ ಫಲಾಹಾರ ಮಾಡಬಹುದು. ಆ ‘ಏನಾದರೂ’ ಎಂಬ ಸಂದಿಯಲ್ಲಿ ನಾನು ಮಸಾಲೆ ದೋಸೆ, ಉದ್ದಿನ ವಡೆ, ಕೇಸರಿಬಾತು ಎಲ್ಲವನ್ನೂ ತೂರಿಸಿದ್ದೆ. ಮನೆಯಲ್ಲಿ ಅನ್ನ ಉಂಡಿದ್ದರೆ ಒಂದು ತಟ್ಟೆಗೆ ಮುಗಿಯುತ್ತಿತ್ತು. ಒಪ್ಪತ್ತಿನ ರಾತ್ರಿ ಅದರ ಎರಡರಷ್ಟು ಒಳಗೆ ಹೋಗುತ್ತಿತ್ತು. ಇಷ್ಟಾದರೂ ಏಳುವಾಗ ಕೈಮುಗಿದು, ವ್ರತ ಮಾಡಿದವನ ಮುಖ ಹೊತ್ತುಕೊಂಡು ಮನೆಗೆ ಹೋಗುತ್ತಿದ್ದೆ.

ನಾನು ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯ ಗೇಟಿನಲ್ಲಿ ವಾಚ್‌ಮನ್ ಆಗಿದ್ದವನು. ಕೂತು ಸಂಬಳ ತೆಗೆದುಕೊಂಡ ಮೈ. ನಿವೃತ್ತನಾಗುವ ಹೊತ್ತಿಗೆ ಬಗ್ಗಿ ಚಪ್ಪಲಿಯ ಪಟ್ಟಿ ಹಾಕಿಕೊಳ್ಳುವುದಕ್ಕೂ ಹೆಂಡತಿ ಜಯಮ್ಮ ಬರಬೇಕಾಗಿತ್ತು. ಸಕ್ಕರೆ ಕಾಯಿಲೆ ಆಗಲೇ ಬಂದಿತ್ತು. ಮೈಸೂರಿನ ಡಾಕ್ಟರು, “ತೂಕ ಇಳಿಸಿ, ಊಟ ಕಮ್ಮಿ ಮಾಡಿ” ಎಂದರೆ, “ಸೋಮವಾರ, ಶನಿವಾರ ಒಪ್ಪತ್ತು ಮಾಡ್ತೀನಿ ಸಾರ್” ಎಂದು ಎದೆಯುಬ್ಬಿಸಿ ಹೇಳಿದೆ. ಒಳ್ಳೆಯದು ಎಂದರು ಪಾಪ. ಮುಂದಿನ ಸಲ ಹೋದಾಗ ತೂಕ ಇನ್ನೂ ಏರಿತ್ತು. ಯಂತ್ರ ಕೆಟ್ಟಿರಬೇಕು ಎಂದು ನಾನೇ ಅವರಿಗೆ ಸಮಾಧಾನ ಹೇಳಿ ಬಂದೆ! ಜಯಮ್ಮ ಅತ್ತಳು, ಹರಕೆ ಹೊತ್ತಳು. ಯಾವುದೂ ನಾಟಲಿಲ್ಲ.

ಆಮೇಲೆ ಹೊಸ ಚಪ್ಪಲಿ ಬಲಗಾಲಿನ ಕಿರುಬೆರಳನ್ನು ಕಚ್ಚಿತು. ಗಾಯ ಮಾಯಲಿಲ್ಲ, ಕಪ್ಪಾಗತೊಡಗಿತು. ಸಕ್ಕರೆ ಹತೋಟಿಗೆ ಬರದಿದ್ದರೆ ಬೆರಳು ತೆಗೆಯಬೇಕಾಗುತ್ತದೆ, ಅಲ್ಲಿಗೆ ನಿಲ್ಲುತ್ತದೆ ಎಂದು ಹೇಳಲಾರೆ ಎಂದರು ಡಾಕ್ಟರು. ಹೆದರಿದೆ. ಹೆದರಿ ಏನು ಮಾಡಿದೆ? ಗುರುವಾರವನ್ನೂ ಒಪ್ಪತ್ತಿಗೆ ಸೇರಿಸಿಕೊಂಡೆ.

ಆ ಸೋಮವಾರ ಸಂಜೆ ಕುಂಟುತ್ತಾ ಚಿಕ್ಕತಾಯಮ್ಮನ ಅಂಗಡಿಗೆ ಹೋಗಿ ಕುಳಿತೆ. ಆಕೆ ಹಿಟ್ಟು ತುಂಬಿದ ಸೌಟನ್ನು ಎತ್ತಿದವಳು ನನ್ನ ಕಾಲು ನೋಡಿದಳು.

“ಕಾಲ್ಗೇನಣ್ಣ ಬಟ್ಟೆ?”

“ಚಪ್ಪಲಿ ಕಚ್ತು ಕಣಮ್ಮ. ಬೆರಳು ತೆಗೀಬೇಕಾಗ್ಬೋದು ಅಂತಾರೆ ಡಾಕ್ಟ್ರು. ಅದಕ್ಕೇ ಗುರುವಾರನೂ ಒಪ್ಪತ್ತು ಹಿಡ್ದಿದೀನಿ. ಎರಡು ಹಾಕು, ಬೆಣ್ಣೆ ಸ್ವಲ್ಪ ಮುಂದಾಗಿರ್ಲಿ.”

ಸೌಟು ಪಾತ್ರೆಗೆ ವಾಪಸ್ ಹೋಯಿತು. “ನಿಂಗಿಲ್ಲ.”

“ಯಾಕೆ, ಹಿಟ್ಟು ಮುಗೀತಾ?”

“ಇಟ್ಟು ಬೇಕಾದಷ್ಟದೆ. ನಿಂಗಿಲ್ಲ ಮಾದೇವಣ್ಣ.”

“ಇವ್ರಿಗೆಲ್ಲ ಹಾಕ್ತಿದೀಯಲ್ಲ?”

“ಅವ್ರು ದೋಸೆ ತಿನ್ನಕ್ಕೆ ಬಂದವ್ರೆ. ನೀನು ದೇವ್ರನ್ನ ಜೊತೇಲಿ ಕರ್ಕಂಡು ಬಂದಿದೀಯ. ಆಸೆ, ಒಂದ್ ದೋಸೆ ಆಕು ಅಂತ ಬಾಯ್ಬುಟ್ಟು ಕೇಳು, ಈಗ್ಲೇ ಉಯ್ತೀನಿ. ಒಪ್ಪತ್ತು ಅನ್ಬ್ಯಾಡ. ನಮ್ ಯಜಮಾನ್ರೂ ಇಂಗೇ ಅಂತಿದ್ರು. ಶನಿವಾರದೊಪ್ಪತ್ತು. ನಾನೇ ನನ್ ಕೈಯಾರ ಉಯ್ದೂ ಉಯ್ದೂ ಆಕ್ದೆ. ಮೊದ್ಲು ಬೆರಳೋಯ್ತು, ಆಮೇಕೆ ಕಾಲೋಯ್ತು, ಆಮೇಕೆ ಅವ್ರೇ ಓದ್ರು. ದೇವ್ರ ಎಸ್ರಲ್ಲಿ ಇನ್ನೊಬ್ರನ್ನ ನಾನು ಕಳ್ಸಕ್ಕಿಲ್ಲ.”

ಬೆಂಚಿನ ಮೇಲಿದ್ದ ಒಬ್ಬ, “ಅಣ್ಣೋ, ಆಸೆ ಅಂದ್ಬುಡಿ, ಮುಗ್ದೋಯ್ತದೆ” ಎಂದು ನಕ್ಕ. ಎರಡಕ್ಷರದ ಮಾತು. ನನ್ನ ಬಾಯಿಂದ ಹೊರಡಲಿಲ್ಲ. ದೋಸೆ ಬಿಟ್ಟೇನು, ಭಕ್ತನೆಂಬ ಹೆಸರು ಬಿಡಲಾರೆ ಅನ್ನಿಸಿತು. ಎದ್ದು ನಿಂತು, “ನಿನ್ನ ದೋಸೆ ಇಲ್ದಿದ್ರೆ ನಾನೇನು ಸತ್ತೋಗ್ತೀನಾ?” ಎಂದು ಕೂಗಿದೆ.

“ಇಲ್ದಿದ್ರಲ್ಲ ಕಣಣ್ಣ, ಇದ್ರೆ!” ಎಂದಳು. ಇಡೀ ಅಂಗಡಿ ನಕ್ಕಿತು.

ಮನೆಗೆ ಬಂದು ಒಂದು ಲೋಟ ಮಜ್ಜಿಗೆ ಕುಡಿದು, ನಾಲ್ಕು ಹೋಳು ಸೌತೆಕಾಯಿ ತಿಂದು ಮಲಗಿದೆ. ಜಯಮ್ಮ ಹಣೆ ಮುಟ್ಟಿ ನೋಡಿ ಜ್ವರವೇ ಎಂದು ಕೇಳಿದಳು. ಅದು ನನ್ನ ಜೀವನದ ಮೊದಲ ಒಪ್ಪತ್ತು. ದೇವರ ಮೇಲಿನ ಭಕ್ತಿಗಲ್ಲ, ಡಾಕ್ಟರ ಮೇಲಿನ ಭಯಕ್ಕಲ್ಲ, ಚಿಕ್ಕತಾಯಮ್ಮನ ಮೇಲಿನ ಸಿಟ್ಟಿಗೆ ಮಾಡಿದ್ದು. ಈಗಲೂ ಕೆಲವರು, “ಈ ವಯಸ್ಸಲ್ಲಿ ನಿಮಗೆ ಅಷ್ಟು ಗಟ್ಟಿ ಮನಸ್ಸು ಎಲ್ಲಿಂದ ಬಂತು?” ಎಂದು ಕೇಳುತ್ತಾರೆ. ಸಿಟ್ಟಿನಿಂದ ಬಂತು. ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಒಳ್ಳೆಯ ಮಾತಿಗೆ ಬಗ್ಗದ ಮೈ ಹಠಕ್ಕೆ ಬಗ್ಗಿತು.

ಗಾಯ ಒಣಗತೊಡಗಿ, ನಡೆಯಬಹುದು ಎಂದು ಡಾಕ್ಟರು ಹೇಳಿದ ಮೇಲೆ, ದಿನವೂ ಬೆಳಿಗ್ಗೆ ಕಪಿಲಾ ನದಿಯವರೆಗೆ ನಡೆಯಲು ಹಿಡಿದೆ. ಹೋಗಲು ಬೇರೆ ದಾರಿಯೂ ಇತ್ತು. ಬೇಕೆಂದೇ ಆಕೆಯ ಅಂಗಡಿಯ ಮುಂದೆ, ಮುಖ ಬೇರೆ ಕಡೆ ತಿರುಗಿಸಿಕೊಂಡು ಹೋಗುತ್ತಿದ್ದೆ. ಆಕೆ ಬಿಡುತ್ತಾಳೆಯೇ?

“ದಾರಿ ಬುಡ್ರಪ್ಪೋ, ಲಾರಿ ಬತ್ತಾದೆ!”

ಹಲ್ಲು ಕಚ್ಚಿ ನಡೆದೆ. ಮಳೆಗಾಲ ಕಳೆದು ಚಳಿ ಬಂತು. ಜಯಮ್ಮ ಮುದ್ದೆಯನ್ನು ಚಿಕ್ಕದು ಮಾಡಿದಳು, ಸೊಪ್ಪಿನ ಪಲ್ಯ ಹೆಚ್ಚಿಸಿದಳು. ಅಂಗಿಯ ಒಳಗೆ ಗಾಳಿ ಆಡತೊಡಗಿತು. ಒಂದು ಬೆಳಿಗ್ಗೆ ಅಂಗಡಿಯಿಂದ ಕೂಗು ಬದಲಾಯಿತು: “ಲಾರಿ ಓಗಿ ಟೆಂಪೋ ಆಗದೆ ನೋಡ್ರೋ!” ನಾನು ಮುಖ ತಿರುಗಿಸಿದ್ದು ಈ ಸಲ ನಗು ಮುಚ್ಚಲು. ಆಮೇಲೊಮ್ಮೆ ನೆಗಡಿಯಾಗಿ ಎರಡು ದಿನ ತಪ್ಪಿಸಿದಾಗ, “ಟೆಂಪೋ ಕೆಟ್ಟು ನಿಂತಿತ್ತಾ?” ಎಂದು ಕೇಳಿದಳು. ನಾನು ಬಾರದ ದಿನವನ್ನೂ ಆಕೆ ಗಮನಿಸುತ್ತಿದ್ದಳು.

ಬೆರಳು ಉಳಿಯಿತು. ಉಳಿಯಿತು ಎಂದು ಡಾಕ್ಟರು ಹೇಳಿದ ವಾರದಲ್ಲೇ ಹೋಗಿ ಆ ಬೆಂಚಿನ ಮೇಲೆ ಕುಳಿತೆ. ಆಕೆ ಕೇಳುವ ಮೊದಲೇ, “ಆಸೆ ಕಣಮ್ಮ. ಬರೀ ಆಸೆ. ಒಂದು ದೋಸೆ ಹಾಕು” ಎಂದೆ. ಕಣ್ಣಲ್ಲಿ ನೀರು ಬಂತು, ಯಾಕೋ. ಆಕೆ ಪುಟ್ಟದೊಂದು ದೋಸೆ ಹುಯ್ದು, ಎಣ್ಣೆ ಚಿಮುಕಿಸಿ ತಂದಿಟ್ಟು, ಪಕ್ಕದಲ್ಲೇ ಕುಳಿತಳು. “ನಿಧಾನಕ್ಕೆ ತಿನ್ನು. ಕದ್ದು ತಿಂದಾಗ ರುಚಿ ಎಲ್ಲಿ ಗೊತ್ತಾಗ್ತಿತ್ತು ನಿಂಗೆ?” ಎಂದಳು. ನಿಜ. ಅಷ್ಟು ವರ್ಷ ತಿಂದಿದ್ದರಲ್ಲಿ ಆ ಒಂದು ದೋಸೆಯ ರುಚಿ ಮಾತ್ರ ನೆನಪಿದೆ.

ಅದಾದ ಕೆಲವು ವರ್ಷಗಳಿಗೆ ಆಕೆಯ ದೋಸೆಗಳು ಸೊಟ್ಟಗಾಗತೊಡಗಿದವು. ಒಂದು ಕಡೆ ದಪ್ಪ, ಒಂದು ಕಡೆ ಹರಕಲು. “ಏನಮ್ಮಾ, ಭೂಪಟ ಬರೀತಿದೀಯಾ?” ಎಂದು ನಾನೂ ಎಲ್ಲರ ಜೊತೆ ನಕ್ಕೆ. ಒಂದು ದಿನ ಅಂಗಡಿ ಬಾಗಿಲು ತೆರೆಯಲಿಲ್ಲ. ಸಕ್ಕರೆ ಕಾಯಿಲೆ ಆಕೆಗೂ ಬಹಳ ಹಿಂದೆಯೇ ಇತ್ತಂತೆ, ಕಣ್ಣಿಗೆ ಇಳಿದಿತ್ತಂತೆ. ಆಕೆಯ ತಮ್ಮ ಬಂದು ತಿ. ನರಸೀಪುರಕ್ಕೆ ಕರೆದುಕೊಂಡು ಹೋಗಿದ್ದ. ನನ್ನ ಕಾಲಿನ ಸುದ್ದಿ ಆಕೆಗೆ ದಿನದಿನವೂ ಗೊತ್ತಿತ್ತು. ಆಕೆಯ ಕಣ್ಣಿನ ಸುದ್ದಿಯನ್ನು ನಾನು ಒಮ್ಮೆಯೂ ಕೇಳಿರಲಿಲ್ಲ. ಇದನ್ನು ಹೇಗೆ ಹೇಳಿದರೂ ತಪ್ಪು ಹಗುರಾಗುವುದಿಲ್ಲ.

ಬಸ್ಸು ಹತ್ತಿ ಹೋದೆ. ತಮ್ಮನ ಮನೆಯ ಜಗಲಿಯ ಮೇಲೆ ಗೋಡೆಗೊರಗಿ ಕುಳಿತಿದ್ದಳು. ಅರ್ಧಕ್ಕರ್ಧ ಇಳಿದುಹೋಗಿದ್ದಳು. ಧ್ವನಿ ಮಾತ್ರ ಇಳಿದಿರಲಿಲ್ಲ.

“ಯಾರು?”

“ನಾನು ಕಣಮ್ಮ, ನಂಜನಗೂಡಿನ ಮಹದೇವ.”

“ನಡ್ಕಂಡೇ ಬಂದ್ಯಾ?”

“ಬಸ್ ಸ್ಟ್ಯಾಂಡಿಂದ ನಡ್ಕೊಂಡು ಬಂದೆ.”

“ಕಾಲು ಕೊಡು ಇಲ್ಲಿ.”

ತಮಾಷೆ ಎಂದುಕೊಂಡೆ. ಆಕೆ ಕೈ ಮುಂದೆ ಚಾಚಿ ತಡಕಾಡಿದಳು. ನನ್ನ ಪಾದ ಸಿಕ್ಕಿತು. ನಾನು ಗಾಬರಿಯಾಗಿ ಹಿಂದಕ್ಕೆ ಎಳೆದುಕೊಂಡೆ. “ಬೇಡ ಕಣಮ್ಮ, ಕಾಲು ಮುಟ್ಟಬೇಡ. ಮುಟ್ಟಬೇಕಾದವನು ನಾನು.”

“ಅಯ್ಯೋ, ನಮಸ್ಕಾರ ಯಾವೋಳು ಮಾಡ್ತಾಳೆ ನಿಂಗೆ? ಎಣಿಸ್ತಿದೀನಿ, ಸುಮ್ಕಿರು.”

ಹೆಬ್ಬೆರಳಿನಿಂದ ಹಿಡಿದು ಒಂದೊಂದನ್ನೇ ಮುಟ್ಟುತ್ತಾ ಬಂದಳು. ಕಿರುಬೆರಳಿನ ಬಳಿ ಆಕೆಯ ಕೈ ನಿಂತಿತು. ಆ ಒರಟು ಕಲೆಯ ಮೇಲೆ ಹೆಬ್ಬೆಟ್ಟನ್ನು ಸವರಿ, ಬಿಗಿಯಾಗಿ ಹಿಡಿದುಕೊಂಡಳು.

“ಐದೂ ಅವೆ” ಎಂದಳು. “ಯಾರ್ ಬಂದು ಕೇಳಿದ್ರೂ ಒಂದ್ನೂ ಕೊಡಬ್ಯಾಡ ಕಣಣ್ಣ.”

ಮತ್ತೆ ಹೋಗುವಷ್ಟರಲ್ಲಿ ಜಗಲಿ ಖಾಲಿಯಾಗಿತ್ತು. ಒಂದು ಬೆರಳನ್ನೂ ಕೊಟ್ಟಿಲ್ಲ. ಕೊಡುವುದೂ ಇಲ್ಲ.