ಗ್ರಹಣದ ಹೊತ್ತಿನಲ್ಲಿ ಸೊಪ್ಪು ಕೊಯ್ದೆವು

ನಾನು ಹುಟ್ಟಿ ಬೆಳೆದದ್ದು ಮಾಲೂರಿನಲ್ಲಿ. ಅಪ್ಪ ಇಟ್ಟಿಗೆ ಗೂಡಿನಲ್ಲಿ ಮೇಸ್ತ್ರಿ. ಮನೆಯ ಹಿಂದೆ ರೈಲು ಹಳಿ, ಮುಂದೆ ನಮ್ಮ ಸಭೆಯ ದೇವಾಲಯ. ಸೃಷ್ಟಿಯ ಆರು ದಿನಗಳಲ್ಲಿ ದೇವರು ಏನೇನು ಮಾಡಿದ ಎಂದು ಭಾನುವಾರದ ಶಾಲೆಯಲ್ಲಿ ಕೇಳಿದರೆ ಉಸಿರು ಬಿಡದೆ ಒಪ್ಪಿಸುತ್ತಿದ್ದೆ. ಮೊದಲನೇ ದಿನ ಬೆಳಕು, ನಾಲ್ಕನೇ ದಿನ ಸೂರ್ಯ ಚಂದ್ರ. ಸರಿಯಾಗಿ ಹೇಳಿದವರಿಗೆ ಬಣ್ಣದ ಚಿತ್ರ ಕೊಡುತ್ತಿದ್ದರು. ನನ್ನ ಹತ್ತಿರ ಒಂದು ಬಿಸ್ಕತ್ತಿನ ಡಬ್ಬಿ ತುಂಬ ಇದ್ದವು. ಒಪ್ಪಿಸುವುದು ಬೇರೆ, ನಂಬುವುದು ಬೇರೆ ಎಂದು ಗೊತ್ತಾಗಿದ್ದು ಮದುವೆಯಾಗಿ ಮುಳಬಾಗಿಲು ತಾಲೂಕಿಗೆ ಬಂದ ಮೇಲೆ. ಅದೂ ಏಳು ತಿಂಗಳ ಬಸುರಿಯಾಗಿದ್ದಾಗ, ಒಂದು ಮಧ್ಯಾಹ್ನ.

ನಮ್ಮೂರು ದೇವರಾಯಸಮುದ್ರದ ಕೆರೆಯಿಂದ ಸ್ವಲ್ಪ ದೂರ. ಊರಿನಲ್ಲಿ ಕ್ರೈಸ್ತರ ಮನೆ ಮೂರೋ ನಾಲ್ಕೋ. ಮಾವ ತೀರಿಹೋಗಿದ್ದರು. ಗಂಡ ಕೋಲಾರದಲ್ಲಿ ಗುಮಾಸ್ತ, ದಿನಾ ಬಸ್ಸಿನಲ್ಲಿ ಹೋಗಿಬರುವವರು. ಹಿಪ್ಪುನೇರಳೆ ತೋಟ, ರೇಷ್ಮೆ ಹುಳ, ಬಾವಿ, ಎಲ್ಲ ಅತ್ತೆಯದೇ ಕಾರುಬಾರು.

ಅತ್ತೆ ಕನ್ನಡದಲ್ಲಿ ಶುರು ಮಾಡಿ ತೆಲುಗಿನಲ್ಲಿ ಮುಗಿಸುವ ಹೆಂಗಸು. ದೇವರನ್ನು ಅವರು ‘ಒಡೆಯ’ ಎನ್ನುತ್ತಿದ್ದರು, ಮತ್ತು ಒಡೆಯನ ಹತ್ತಿರ ಮಾತಾಡುವಾಗ ಯಾವ ಮುಲಾಜೂ ಇರಲಿಲ್ಲ. ಪಂಪ್‌ಸೆಟ್ಟಿನ ಮೋಟಾರು ಸುಟ್ಟ ದಿನ ಬಾವಿಕಟ್ಟೆಯ ಮೇಲೆ ಕೂತು, “ಒಡೆಯಾ, ತೋಟ ನಿಂದು, ನೀರು ನಿಂದು, ಸುಟ್ಟೋಗಿರೋದೂ ನಿಂದೇ. ನೋಡ್ಕೋ” ಎಂದು ಗದರಿಸಿ ಎದ್ದು ಬಂದಿದ್ದರು. ನನಗೆ ನಗು ತಡೆಯಲಾಗಿರಲಿಲ್ಲ. ಪ್ರಾರ್ಥನೆ ಎಂದರೆ ಕಣ್ಣು ಮುಚ್ಚಿ ಮೆಲ್ಲಗೆ ಮಾಡುವುದು ಎಂದು ಕಲಿತು ಬಂದವಳು ನಾನು.

ಪಕ್ಕದ ಮನೆಯಲ್ಲಿ ಒಬ್ಬ ಅಜ್ಜಿ. ಊರಿನ ಅರ್ಧ ಮಕ್ಕಳು ಭೂಮಿಗೆ ಬಂದದ್ದು ಅವರ ಕೈಮೇಲೆ. ನಮ್ಮ ದೇವರು ಅವರ ದೇವರಲ್ಲ, ಆದರೆ ನನ್ನ ಬಸಿರಿನ ಮೇಲೆ ನಮ್ಮ ಅತ್ತೆಗಿಂತ ಅವರದೇ ಹೆಚ್ಚು ಅಧಿಕಾರ. ಹುಣಸೆಹಣ್ಣು ತಿನ್ನು, ಪರಂಗಿ ಮುಟ್ಟಬೇಡ, ಅಂಗಾತ ಮಲಗಬೇಡ. ನಾನು ಮೂತಿ ತಿರುಗಿಸಿದರೂ ಬಿಡುವ ಆಸಾಮಿಯಲ್ಲ.

ಎಂಬತ್ತನೇ ಇಸವಿಯ ಫೆಬ್ರವರಿಯಲ್ಲಿ ಸೂರ್ಯಗ್ರಹಣ ಬಂತು. ಶನಿವಾರ. ಬರಿಗಣ್ಣಿನಲ್ಲಿ ನೋಡಬೇಡಿ ಎಂದು ರೇಡಿಯೋದಲ್ಲಿ ಬಡಿದುಕೊಂಡಿದ್ದೇ ಬಡಿದುಕೊಂಡಿದ್ದು. ಬೆಳಿಗ್ಗೆಯೇ ಅಜ್ಜಿ ಗರಿಕೆ ಹಿಡಿದು ಬಂದು, ನಮ್ಮ ನೀರಿನ ಹಂಡೆಯ ಮೇಲೊಂದು, ಉಪ್ಪಿನಕಾಯಿ ಜಾಡಿಯ ಮೇಲೊಂದು ಎಳೆ ಇಟ್ಟರು. ಅತ್ತೆ ತಡೆಯಲಿಲ್ಲ. ಆಮೇಲೆ ಅಜ್ಜಿ ನನ್ನ ಗಲ್ಲ ಹಿಡಿದು ಹೇಳಿದರು:

“ಮಧ್ಯಾಹ್ನ ಕೋಣೆ ಬಿಟ್ಟು ಆಚೆ ಕಾಲಿಡ್ಬ್ಯಾಡ. ಚಾಕು, ಕುಡುಗೋಲು ಏನೂ ಮುಟ್ಬ್ಯಾಡ. ನಾನು ಕಣ್ಣಾರೆ ಕಂಡಿದ್ದೀನಿ ಕಣಮ್ಮಾ. ಶ್ರೀನಿವಾಸಪುರದಾಗೆ ನನ್ನ ತಮ್ಮನ ಹೆಂಡ್ರು ಗ್ರಹಣದ ದಿನ ಬದನೆಕಾಯಿ ಹೆಚ್ಚಿದ್ಲು. ಮಗು ಮೇಲ್ತುಟಿ ಸೀಳಿಕೊಂಡೇ ಹುಟ್ತು. ಹಾಲು ಕುಡಿಯಕ್ಕಾಗ್ದೆ ಹದಿನೈದು ದಿನಕ್ಕೆ ಹೋಗ್ಬುಡ್ತು.”

ಅವರ ಕಣ್ಣಲ್ಲಿ ನೀರಿತ್ತು. ಬಿಸ್ಕತ್ತಿನ ಡಬ್ಬಿಯ ಅಷ್ಟೂ ಚಿತ್ರಗಳು ಒಂದು ಕಡೆ, ಆ ಹಾಲು ಕುಡಿಯದ ಮಗು ಒಂದು ಕಡೆ. ನಾನು ಹೊರಗೆ ಬರುವುದಿಲ್ಲ ಎಂದು ಅಜ್ಜಿಗೆ ಮಾತು ಕೊಟ್ಟೆ.

ಆದರೆ ಹುಳಕ್ಕೆ ಯಾರು ಹೇಳಬೇಕು? ಹುಳ ಪೊರೆ ಬಿಡುವುದಕ್ಕೆ ನಮ್ಮ ಕಡೆ ಜ್ವರ ಎನ್ನುತ್ತಾರೆ. ನಾಲ್ಕನೇ ಜ್ವರ ಎದ್ದ ಹುಳ ಗೂಡು ಕಟ್ಟುವ ತನಕ ತಿನ್ನುವುದೇ ತಿನ್ನುವುದು. ಸೊಪ್ಪು ತಪ್ಪಿದರೆ ಬೆಳೆ ಹೋಯಿತು. ನಮ್ಮ ಹುಳ ಎದ್ದು ಮೂರು ದಿನವಾಗಿತ್ತು. ಗ್ರಹಣದ ಹೊತ್ತಿಗೆ ತೋಟಕ್ಕೆ ಬರುವುದಿಲ್ಲ ಎಂದು ಕೂಲಿಯ ಹೆಂಗಸರು ನಸುಕಿನಲ್ಲೇ ಇಡೀ ದಿನದ ಸೊಪ್ಪು ಕೊಯ್ದು, ಅವಸರದಲ್ಲಿ ಒಂದೇ ಮೂಲೆಯಲ್ಲಿ ತುರುಕಿ, ಒದ್ದೆ ಗೋಣಿ ಹೊದಿಸಿ ಮನೆ ಸೇರಿಕೊಂಡಿದ್ದರು. ಊಟವಾದ ಮೇಲೆ ಅತ್ತೆ ಆ ರಾಶಿಯೊಳಗೆ ಕೈ ತೂರಿಸಿದವರು ಚಟಕ್ಕನೆ ಎಳೆದುಕೊಂಡರು.

“ಅಯ್ಯೋ ನಿಮ್ಮ! ಇಷ್ಟೊಂದು ಒತ್ತಿ ತುಂಬವ್ರಲ್ಲೇ! ಸೊಪ್ಪೆಲ್ಲಾ ಬಿಸಿಯಾಗಿ ಬೆಂದೋಗಿದೆ.”

ಬಿಸಿಯಾದ ಸೊಪ್ಪು ಹಾಕಿದರೆ ಹುಳಕ್ಕೆ ರೋಗ. ಹಾಕದಿದ್ದರೆ ಉಪವಾಸ. ಗಂಡ ಕೋಲಾರದಲ್ಲಿ ಸಿಕ್ಕಿಹಾಕಿಕೊಂಡಿದ್ದರು, ಬಸ್ಸಿಲ್ಲ. ಬೀದಿಯಲ್ಲಿ ನರಪಿಳ್ಳೆ ಇಲ್ಲ. ಅತ್ತೆ ಗೋಡೆಯ ಮೇಲಿದ್ದ ಎರಡು ಕುಡುಗೋಲಿನಲ್ಲಿ ಒಂದನ್ನು ತೆಗೆದುಕೊಂಡು, ಸೆರಗು ಸಿಕ್ಕಿಸಿಕೊಂಡು, “ನೀನು ಒಳಗಿರಮ್ಮಾ” ಎಂದಷ್ಟೇ ಹೇಳಿ ತೋಟಕ್ಕೆ ನಡೆದರು. ನಾನು ಕಿಟಕಿಗೆ ಕಂಬಳಿ ಕಟ್ಟಿಕೊಂಡು ಮಂಚದ ಮೇಲೆ ಕೂತೆ.

ಪಕ್ಕದ ಕೋಣೆಯಲ್ಲಿ ಹುಳ ಸೊಪ್ಪು ತಿನ್ನುವ ಸರಸರ ಸದ್ದು ಕೇಳುತ್ತಿತ್ತು. ಕೇಳುತ್ತ ಕೇಳುತ್ತ ಅದು ಕಡಿಮೆಯಾಯಿತು. ಆಮೇಲೆ ಪೂರ್ತಿ ನಿಂತಿತು. ಎದ್ದು ಇಣುಕಿದರೆ ತಟ್ಟೆಗಳಲ್ಲಿ ಬರೀ ಕಡ್ಡಿ, ನರ. ಸಾವಿರಾರು ಹುಳಗಳು ತಲೆ ಎತ್ತಿಕೊಂಡು ಕೂತಿದ್ದವು.

ನನಗೆ ಸಿಟ್ಟು ಬಂತು. ಯಾರ ಮೇಲೆ ಎಂದು ಇವತ್ತಿಗೂ ಹೇಳಲಾರೆ. ಪ್ರತಿ ಭಾನುವಾರ ಎದ್ದು ನಿಂತು, ಆಕಾಶವನ್ನೂ ಭೂಮಿಯನ್ನೂ ಮಾಡಿದವನನ್ನು ನಂಬುತ್ತೇನೆ ಎಂದು ಗಂಟಲು ಬಿಟ್ಟು ಹೇಳುವವಳು, ಅವನೇ ಹಚ್ಚಿಟ್ಟ ದೀಪಕ್ಕೆ ಹೆದರಿ ಕಂಬಳಿಯ ಹಿಂದೆ ಕೂತಿದ್ದೇನೆ! ನಾಳೆ ಭಾನುವಾರ. ನಾಳೆ ಯಾವ ಬಾಯಲ್ಲಿ ಹೇಳಲಿ? ಅರವತ್ತು ದಾಟಿದ ಹೆಂಗಸು ಒಬ್ಬಳೇ ತೋಟದಲ್ಲಿ ಬಗ್ಗಿಕೊಂಡಿದ್ದಾಳೆ. ಗೋಡೆಯ ಮೇಲಿನ ಇನ್ನೊಂದು ಕುಡುಗೋಲು ತೆಗೆದುಕೊಂಡೆ. ಬಾಗಿಲು ತೆಗೆದು ಆಚೆ ಕಾಲಿಟ್ಟೆ.

ಹೊರಗಿನ ಬೆಳಕು ಬೆಳಕಿನ ಹಾಗಿರಲಿಲ್ಲ. ಬಿಸಿಲಿದೆ, ಆದರೆ ಸುಡುವುದಿಲ್ಲ. ಕೋಳಿಗಳು ಗೂಡು ಸೇರಿದ್ದವು. ಹೊಂಗೆಮರದ ಕೆಳಗೆ ಎಲೆಗಳ ಸಂದಿಯಿಂದ ದಿನಾ ದುಂಡಗೆ ಬೀಳುವ ಬಿಸಿಲಿನ ಚುಕ್ಕೆಗಳು ಅವತ್ತು ಒಂದೊಂದೂ ಕುಡುಗೋಲಿನ ಆಕಾರದಲ್ಲಿ ಬಿದ್ದಿದ್ದವು. ನೆಲದ ತುಂಬ ಕುಡುಗೋಲು, ನನ್ನ ಕೈಯಲ್ಲೊಂದು. ವಾಪಸ್ಸು ಓಡಿಹೋಗಬೇಕು ಅನ್ನಿಸಿತು. ತೋಟದೊಳಗಿಂದ ಅತ್ತೆ ಶ್ರುತಿ ತಪ್ಪಿ ಒಂದು ಸ್ತುತಿಗೀತೆ ಹಾಡುತ್ತಿದ್ದುದು ಕೇಳಿ ನಿಂತೆ.

ನನ್ನನ್ನು ನೋಡಿದ್ದೇ ಹಾಡು ನಿಂತಿತು. “ಯಾಕೆ ಬಂದೆ? ಯಾರು ಕರೆದ್ರು ನಿನ್ನ? ಹೋಗು ಒಳಕ್ಕೆ!”

“ಯಾರೂ ಕರೀಲಿಲ್ಲ. ಹುಳ ತಲೆ ಎತ್ತಿಕೊಂಡು ಕೂತಿವೆ.”

“ಕೂತ್ಕೊಳ್ಳಿ. ನಾನು ಕೊಯ್ತಿಲ್ವಾ?”

“ನೀವೊಬ್ಬರೇ ಕೊಯ್ದು ಮುಗಿಸೋ ಹೊತ್ತಿಗೆ ಇನ್ನೊಂದು ಗ್ರಹಣ ಬರತ್ತೆ” ಎಂದೆ. ಆಮೇಲೆ ದನಿ ಇಳಿಯಿತು. “ಅತ್ತೆ, ಮಗೂಗೆ ಏನೂ ಆಗಲ್ಲ ಅಂತ ಒಂದು ಮಾತು ಹೇಳಿ. ಸಾಕು.”

ಅವರು ಬೆನ್ನು ನೆಟ್ಟಗೆ ಮಾಡಿ ನನ್ನ ಮುಖ ನೋಡಿದರು. “ನಾನ್ಯಾರಮ್ಮಾ ಮಾತು ಕೊಡಕ್ಕೆ? ಹೆಂಗೆ ಹುಟ್ತದೋ ಒಡೆಯನಿಗೆ ಗೊತ್ತು. ಹೆಂಗೇ ಹುಟ್ಲಿ, ಅವನು ಮಾಡಿದ ಮಗು, ಎದೆಗೆ ಒತ್ಕೊಂಡು ಸಾಕ್ತೀನಿ. ಆದ್ರೆ ಒಂದು ಮಾತು. ನನ್ನ ಮೊಮ್ಮಗೂನ ಮಾಡೋನು ಅವನು. ಈ ನೆರಳಲ್ಲ. ನೆರಳಿಗೆ ಆ ಅಧಿಕಾರ ಯಾರು ಕೊಟ್ರು?”

ನನಗೆ ಬೇಕಾದ ಸಮಾಧಾನ ಅದಾಗಿರಲಿಲ್ಲ. ಸುಳ್ಳಾದರೂ ಒಂದು ಮಾತು ಹೇಳಬಾರದೇ ಎಂದು ಕೋಪವೇ ಬಂತು. ಆಗ ಅವರ ಕೈ ನೋಡಿದೆ. ಕುಡುಗೋಲು ಹಿಡಿದ ಕೈ ನನ್ನದರಷ್ಟೇ ನಡುಗುತ್ತಿತ್ತು.

“ನಿಮಗೂ ಭಯಾನಾ ಅತ್ತೆ?”

“ಇಲ್ದೆ ಏನು? ಭಯ ನಂದು ತಲ್ಲೀ. ಸೂರ್ಯ ಅವನದು.”

ಅಷ್ಟು ಸಾಕಾಯಿತು. ನಾನು ಬಗ್ಗಿ ಒಂದು ಕಡ್ಡಿ ಹಿಡಿದು ಕುಡುಗೋಲು ಎಳೆದೆ. ಹೊಟ್ಟೆಯಲ್ಲಿ ಮಗು ಒದೆಯಿತು. ಇನ್ನೊಂದು ಕಡ್ಡಿ. ಇನ್ನೊಂದು. ಅತ್ತೆ ಮತ್ತೆ ಹಾಡು ಎತ್ತಿಕೊಂಡರು, ನಾನೂ ದನಿ ಸೇರಿಸಿದೆ. ನಡುನಡುವೆ, “ಮೇಲೆ ನೋಡ್ಬ್ಯಾಡ, ರೇಡಿಯೋದಾಗೆ ಹೇಳವ್ರೆ!” ಎಂದು ಅವರು ಗದರುತ್ತಿದ್ದರು. ಕತ್ತಲು ಇನ್ನಷ್ಟು ಗಾಢವಾಯಿತು. ಆಮೇಲೆ ಬೆನ್ನಿನ ಮೇಲೆ ಸ್ವಲ್ಪ ಬೆಚ್ಚಗಾಯಿತು. ಯಾರದೋ ಹುಂಜ, ಬೆಳಗಾಯಿತೆಂದು ತಿಳಿದು ಕೂಗಿತು. ನಾನು ಕುಡುಗೋಲು ಎತ್ತಿ ಹಿಡಿದು, “ಬಂತು ಅತ್ತೆ, ಬಂತು!” ಎಂದು ಕಿರುಚಿದೆ. ಅಷ್ಟು ಜೋರಾಗಿ ನಾನು ಯಾವ ದೇವಾಲಯದಲ್ಲೂ ಕೂಗಿರಲಿಲ್ಲ. ಹೊರೆ ಅತ್ತೆಯ ತಲೆಯ ಮೇಲೆ, ಕುಡುಗೋಲು ಎರಡೂ ನನ್ನ ಕೈಯಲ್ಲಿ. ತಟ್ಟೆಗಳಿಗೆ ಸೊಪ್ಪು ಹರಡಿದ ಸ್ವಲ್ಪ ಹೊತ್ತಿಗೆ ಸರಸರ ಸದ್ದು ಮತ್ತೆ ಶುರುವಾಯಿತು.

ಗ್ರಹಣದ ಸ್ನಾನ ಮುಗಿಸಿ ಒದ್ದೆ ತಲೆಯಲ್ಲೇ ಬಂದ ಅಜ್ಜಿಗೆ ನನ್ನ ಸೀರೆಗೆ ಅಂಟಿದ ಎಲೆ ಕಂಡಿತು. ಮುಖ ಬಿಳಿಚಿಕೊಂಡಿತು. “ಕುಡುಗೋಲು ಹಿಡಿದ್ಯಾ? ಮಾತು ಕೊಟ್ಟು ಹಿಡಿದ್ಯಾ?” ಎಂದು ಹಣೆ ಚಚ್ಚಿಕೊಂಡು, ಅತ್ತೆಯ ಕಡೆ ತಿರುಗಿ ಬೈದ ಬೈಗುಳ ಇಲ್ಲಿ ಬರೆಯುವಂಥದ್ದಲ್ಲ. ಹೊರಡುವಾಗ ಹೊಸಲಿನ ಮೇಲೆ ನಿಂತು, “ನಿಮ್ಮ ದೇವ್ರಿಗೆ ನೀವು ಹೇಳ್ಕಳಿ. ನನ್ನ ದೇವ್ರಿಗೆ ನಾನು ಹೇಳ್ಕತೀನಿ” ಎಂದು ಕಣ್ಣೊರೆಸಿಕೊಂಡರು. ಅವರ ಮೇಲೆ ನನಗೆ ಕೋಪ ಬರಲಿಲ್ಲ. ನನ್ನ ಮಗುವಿಗಾಗಿ ಅತ್ತವರು ಅವರು.

ಮಾರನೆಯ ದಿನ ದೇವಾಲಯದಲ್ಲಿ ಎದ್ದು ನಿಂತು ಆ ನಂಬಿಕೆಯ ಮಾತು ಹೇಳಿದೆ. ಆಕಾಶ ಎನ್ನುವ ಮಾತು ಬಾಯಿಂದ ಬಂದಾಗ ಮೈ ಜುಮ್ಮೆಂದಿತು.

ಧೈರ್ಯ ಒಂದು ಸಲ ಬಂದರೆ ಇದ್ದುಬಿಡುತ್ತದೆ ಅಂದುಕೊಳ್ಳಬೇಡಿ. ರೇಷ್ಮೆ ಗೂಡು ಚೆನ್ನಾಗಿ ಬಂತು, ಆದರೆ ಆಮೇಲಿನ ಎರಡು ತಿಂಗಳು ಯಾವ ಮಗುವನ್ನು ಕಂಡರೂ ನನ್ನ ಕಣ್ಣು ಮೊದಲು ಹೋಗುತ್ತಿದ್ದುದು ತುಟಿಗೆ. ಬಾವಿಯ ಹತ್ತಿರ ಹೆಂಗಸರು ನನ್ನ ಹೊಟ್ಟೆ ನೋಡಿ ಮಾತು ನಿಲ್ಲಿಸುತ್ತಿದ್ದರು. ನೋವು ಬಂದಾಗ ಕೋಲಾರದ ಆಸ್ಪತ್ರೆಗೆ ಕರೆದುಕೊಂಡು ಹೋದರು. ಯಾರೂ ಕರೆಯದಿದ್ದರೂ ಅಜ್ಜಿ ಗಂಟು ಕಟ್ಟಿಕೊಂಡು ಅದೇ ಬಸ್ಸು ಹತ್ತಿದರು.

ಹೆಣ್ಣುಮಗು. ಕಿರುಚಾಟದಿಂದಲೇ ನಮ್ಮ ಮನೆಯದು ಎಂದು ಗೊತ್ತಾಗುತ್ತಿತ್ತು. ನರ್ಸಮ್ಮನ ಕೈಯಿಂದ ಅಜ್ಜಿ ಕಸಿದುಕೊಂಡರು. ಮೊದಲು ಬೆರಳಿನಲ್ಲಿ ತುಟಿ ಮುಟ್ಟಿ ನೋಡಿದರು. ನೆಟ್ಟಗಿತ್ತು. ಕಿವಿ ಎರಡೂ ಇದ್ದವು. ಬಲಗೈ ಬಿಡಿಸಿ ಬೆರಳು ಎಣಿಸಿದರು. ಎಡಗೈ ಬಿಡಿಸಿದರು. ಎಣಿಸಿದರು. ಇನ್ನೊಂದು ಸಲ ಎಣಿಸಿದರು. ಅವರ ಬಾಯಿ ತೆರೆದದ್ದು ಮುಚ್ಚಲಿಲ್ಲ.

“ಏನಾಯ್ತು? ಹೇಳಿ ಅಜ್ಜಿ, ಏನಾಯ್ತು?” ಎಂದು ನಾನು ಹಾಸಿಗೆಯಲ್ಲಿ ಎದ್ದು ಕೂರಲು ಹೆಣಗಿದೆ.

ಅತ್ತೆ ಬಗ್ಗಿ ನೋಡಿದರು. ನೋಡಿ, ಆ ವಾರ್ಡಿಗೆ ವಾರ್ಡೇ ತಿರುಗಿ ನೋಡುವ ಹಾಗೆ ನಕ್ಕರು. ಮಗುವಿನ ಎಡಗೈಯನ್ನು ನನ್ನ ಮುಖದ ಮುಂದೆ ಹಿಡಿದರು. ಕಿರುಬೆರಳಿನ ಪಕ್ಕದಲ್ಲಿ ಇನ್ನೊಂದು ಪುಟ್ಟ ಬೆರಳು, ಉಗುರು ಸಮೇತ. ಆಮೇಲೆ ಅಜ್ಜಿಯ ಕಡೆ ತಿರುಗಿದರು.

“ಅಕ್ಕಾ, ಗ್ರಹಣ ಕತ್ತರಿಸಿಬಿಡ್ತದೆ ಅಂತಿದ್ದೆ! ನೋಡು, ನಮ್ಮ ಒಡೆಯ ಒಂದು ಜಾಸ್ತೀನೇ ಕೊಟ್ಟವ್ನೆ!”

ಅಜ್ಜಿ ಅತ್ತೆಯ ಮುಖ ನೋಡಿದರು, ಮಗುವಿನ ಮುಖ ನೋಡಿದರು. ಆಮೇಲೆ ಅವರೂ ನಗತೊಡಗಿದರು. ನಗುತ್ತ ನಗುತ್ತ ಅತ್ತರು. ನನಗೂ ಅಳು, ನಗು ಎರಡೂ ಬಂದವು. ಬೇಕಾದರೆ ದಾರ ಕಟ್ಟಿ ಆ ಬೆರಳು ತೆಗೆದುಬಿಡಬಹುದು ಎಂದು ಡಾಕ್ಟರಮ್ಮ ಹೇಳಿದರು. ನಾನು, “ಬೇಡ ಮೇಡಂ, ಯೋಚಿಸಿಯೇ ಕೊಟ್ಟಿರ್ತಾನೆ” ಎಂದೆ. ಅತ್ತೆಯ ಮಾತು ನನ್ನ ಬಾಯಿಗೆ ಯಾವಾಗ ಬಂತೋ ತಿಳಿಯಲಿಲ್ಲ.

ಐದು ವರ್ಷ ಕಳೆದು ಅವಳನ್ನು ಊರ ಶಾಲೆಗೆ ಸೇರಿಸಿದೆವು. ಬೆರಳು ಮಡಚಿ ಎಣಿಸುವುದನ್ನು ಹೇಳಿಕೊಟ್ಟ ದಿನ ಸಂಜೆ ದುಮುದುಮು ಎನ್ನುತ್ತ ಬಂದಳು. ಅತ್ತೆಯೂ ಅಜ್ಜಿಯೂ ಜಗುಲಿಯ ಮೇಲೆ ಎಲೆಯಡಿಕೆ ಹಾಕಿಕೊಂಡು ಕೂತಿದ್ದರು. ಚೀಲ ಎಸೆದು, ಎರಡೂ ಕೈಯನ್ನು ಅವರ ಮುಂದೆ ಚಾಚಿ, ಹನ್ನೊಂದು ಬೆರಳನ್ನೂ ಅಗಲಿಸಿ ಕೇಳಿದಳು:

“ಅಜ್ಜೀ, ಪಾಪ, ಮಿಕ್ಕವರಿಗೆಲ್ಲಾ ದೇವರು ಯಾಕೆ ಹತ್ತೇ ಕೊಟ್ಟವ್ನೆ?”